ಗ್ರಹಗಳ ಪಟಕ್ಕೆ ಎಂಥ ಕ್ಯಾಮೆರಾ?

ಪರಸ್ಥಳದಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಈಚೆಗೆ ಒಂದು ಒಳ್ಳೆಯ ಹವ್ಯಾಸ ಹಬ್ಬುತ್ತಿದೆ. ಹಿಂದೆ ಹಾರ್ಮೋನಿಯಂ ಪೆಟ್ಟಿಗೆಯೋ ಕೇರಂ ಹಲಗೆಯೋ ಇರುತ್ತಿದ್ದ ಮೂಲೆಯಲ್ಲಿ ಈಗ ಕೆಲವರ ಮನೆಗಳಲ್ಲಿ ಒಂದು ದೂರದರ್ಶಕ ಹಳೆಯ ಹೊದಿಕೆ ಹೊದ್ದು ನಿಂತಿರುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದರೆಂದು ತಂದೆತಾಯಿಗಳು ತಂದುಕೊಟ್ಟದ್ದು. ಮೊದಲನೆಯ ತಿಂಗಳು ಎಲ್ಲರೂ ಚಂದ್ರನನ್ನು ನೋಡುತ್ತಾರೆ. ಎರಡನೆಯ ತಿಂಗಳು ಗುರುವನ್ನೂ ಶನಿಯನ್ನೂ ಹುಡುಕಿ ಹಿಡಿಯುತ್ತಾರೆ. ಮೂರನೆಯ ತಿಂಗಳಿಗೆ ಮನೆಯಲ್ಲಿ ಹೊಸ ಬೇಡಿಕೆ ಹುಟ್ಟುತ್ತದೆ: "ಅಪ್ಪಾ, ಕಂಡದ್ದನ್ನು ಪಟ ತೆಗೆಯಬೇಕು, ಒಂದು ಕ್ಯಾಮೆರಾ ಬೇಕು."

ಪುಣೆಯ ನಮ್ಮ ಸದಸ್ಯರೊಬ್ಬರು ಇದೇ ವಿಷಯವಾಗಿ ನಮಗೆ ಬರೆದಿದ್ದಾರೆ. ಅವರ ಮಗಳ ಬಳಿ ಆರಂಗುಲದ ದೂರದರ್ಶಕವಿದೆ. ಶನಿಯ ಬಳೆಗಳ ಪಟ ತೆಗೆದು ಧಾರವಾಡದಲ್ಲಿರುವ ಅಜ್ಜನಿಗೆ ಕಳುಹಿಸಬೇಕೆಂಬುದು ಹುಡುಗಿಯ ಆಸೆ. ಅಂಗಡಿಯವರು ಒಂದು ಲಕ್ಷ ರೂಪಾಯಿಗೆ ಮೇಲ್ಪಟ್ಟ ಬೆಲೆಯ ಕ್ಯಾಮೆರಾ ತೋರಿಸಿ, ಅದಕ್ಕಿಂತ ಕಡಿಮೆಯದರಲ್ಲಿ ಆಕಾಶದ ಕೆಲಸ ನಡೆಯದೆಂದು ಹೇಳಿದ್ದಾರೆ. ಈ ವರ್ಷದ ಬೋನಸ್ಸನ್ನು ಅದಕ್ಕೆ ಹಾಕಲೇ ಬೇಡವೇ ಎಂಬುದು ಅವರ ಪ್ರಶ್ನೆ. ಹಾಕಬೇಡಿ ಎಂಬುದು ನಮ್ಮ ಉತ್ತರ. ಆದರೆ ಬೇಡವೆಂದಷ್ಟೇ ಹೇಳಿ ಸುಮ್ಮನಾದರೆ ಹುಡುಗಿಯ ಆಸೆಗೆ ನೀರೆರಚಿದಂತಾಗುತ್ತದೆ. ಏಕೆ ಬೇಡ, ಅದರ ಬದಲು ಏನು ಬೇಕು ಎಂಬುದನ್ನು ತಿಳಿಸುವುದು ನಮ್ಮ ಕರ್ತವ್ಯ. ಇದೇ ಪ್ರಶ್ನೆ ಇನ್ನೂ ಹಲವರ ಮನೆಗಳಲ್ಲಿ ಏಳಬಹುದಾದುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ನಗರವಾಸಿಗಳಾದ ನಮಗೆ ಸಮಾಧಾನ ತರುವ ಒಂದು ಮಾತು. ಊರಿನ ಅಂಗಳದಲ್ಲಿ ಮಲಗಿ ಆಕಾಶಗಂಗೆಯನ್ನು ಕಂಡವರಿಗೆ ಮುಂಬಯಿಯ ಆಕಾಶವೂ ದಿಲ್ಲಿಯ ಆಕಾಶವೂ ಬರಿದಾಗಿ ತೋರುವುದು ಸಹಜ. ಬೀದಿದೀಪಗಳ ಬೆಳಕು ಮಂಕಾದ ನಕ್ಷತ್ರಗಳನ್ನೂ ನೀಹಾರಿಕೆಗಳನ್ನೂ ನುಂಗಿಬಿಡುತ್ತದೆ. ಆದರೆ ಗ್ರಹಗಳು ಆ ಬೆಳಕಿಗೆ ಅಂಜುವುದಿಲ್ಲ. ಶುಕ್ರ, ಗುರು, ಕುಜ, ಶನಿ ಇವೆಲ್ಲ ಎಷ್ಟು ಪ್ರಕಾಶಮಾನವೆಂದರೆ ದಾದರಿನ ಗಚ್ಚಿನ ಮೇಲಿನಿಂದ ತೆಗೆದ ಗುರುವಿನ ಪಟಕ್ಕೂ ಕೊಡಗಿನ ಕಾಡಿನ ನಡುವಿನಿಂದ ತೆಗೆದ ಪಟಕ್ಕೂ ದೀಪದ ಬೆಳಕಿನ ದೆಸೆಯಿಂದ ಬರುವ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ನಗರ ನಮ್ಮಿಂದ ಆಕಾಶಗಂಗೆಯನ್ನು ಕಿತ್ತುಕೊಂಡಿದ್ದರೂ ಗ್ರಹಗಳನ್ನು ಬಿಟ್ಟುಕೊಟ್ಟಿದೆ. ಸೊಸೈಟಿಯ ಕಾರ್ಯದರ್ಶಿಗಳಿಂದ ಗಚ್ಚಿನ ಬೀಗದ ಕೈ ಪಡೆದುಕೊಂಡರೆ ಸಾಕು.

ಇನ್ನು ವಿಷಯಕ್ಕೆ ಬರೋಣ. ಗ್ರಹಗಳು ಬೆಳಕಿನಲ್ಲಿ ಶ್ರೀಮಂತರು, ಗಾತ್ರದಲ್ಲಿ ಬಡವರು. ನಮ್ಮ ಪಂಚಾಂಗಕರ್ತರು ಒಂದು ಅಂಶವನ್ನು ೬೦ ಕಲೆಗಳಾಗಿಯೂ ಒಂದು ಕಲೆಯನ್ನು ೬೦ ವಿಕಲೆಗಳಾಗಿಯೂ ಭಾಗಿಸುತ್ತಾರೆ. ಪೂರ್ಣಚಂದ್ರನ ಅಡ್ಡಳತೆ ಅರ್ಧ ಅಂಶ, ಎಂದರೆ ಸುಮಾರು ೧,೮೦೦ ವಿಕಲೆ. ಗುರು ನಮಗೆ ಹತ್ತಿರ ಬಂದಾಗ ಅದರ ಅಡ್ಡಳತೆ ೪೫ ವಿಕಲೆಯ ಆಸುಪಾಸು. ಶನಿಯ ಬಳೆಗಳ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅದರ ಗೋಲ ೨೦ ವಿಕಲೆಯ ಒಳಗೆ. ಕುಜನದು ಏರಿಳಿತದ ಸಂಸಾರ: ೨೦೦೩ರಲ್ಲಿ ೨೫ ವಿಕಲೆಯವರೆಗೆ ಬೆಳೆದಿತ್ತು, ೨೦೨೭ರ ಫೆಬ್ರವರಿಯ ಲೆಕ್ಕ ೧೪ ವಿಕಲೆಯನ್ನು ಮುಟ್ಟುವುದಿಲ್ಲ. ಒಟ್ಟಿನಲ್ಲಿ ಗುರುವನ್ನು ಚಂದ್ರನ ಮುಖದ ಮೇಲೆ ಸಾಲಾಗಿ ಜೋಡಿಸಿದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಲವತ್ತು ಗುರುಗಳು ಹಿಡಿಸುತ್ತವೆ.

ಇಷ್ಟು ಚಿಕ್ಕದಾದ ಬಿಂಬ ದೂರದರ್ಶಕದ ಒಳಗೆ ಎಷ್ಟು ದೊಡ್ಡದಾಗಿ ಬೀಳುತ್ತದೆ? ಲೆಕ್ಕ ಸುಲಭವಾದುದು. ದೂರದರ್ಶಕದ ಸಂಗಮದೂರವನ್ನು ಮಿಲಿಮೀಟರಿನಲ್ಲಿ ಹಿಡಿದು ಗ್ರಹದ ವಿಕಲೆಗಳಿಂದ ಗುಣಿಸಿ, ೨,೦೬,೨೬೫ರಿಂದ ಭಾಗಿಸಬೇಕು. ಪುಣೆಯ ಹುಡುಗಿಯ ದೂರದರ್ಶಕದ ಕನ್ನಡಿ ೧೫೦ ಮಿಲಿಮೀಟರು ಅಗಲ, ಸಂಗಮದೂರ ೧,೨೦೦ ಮಿಲಿಮೀಟರು. ಅದರಲ್ಲಿ ಗುರುವಿನ ಬಿಂಬ ೦.೨೬ ಮಿಲಿಮೀಟರು ಮಾತ್ರ. ಅಡುಗೆಮನೆಯ ಗಸಗಸೆಯ ಕಾಳೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರೆ, ಅದರ ಕಾಲುಭಾಗದಷ್ಟು ಅಗಲ.

ಅಂಗಡಿಯವರು ತೋರಿಸಿದ ದೊಡ್ಡ ಕ್ಯಾಮೆರಾದ ಸೆನ್ಸರು ೩೬ ಮಿಲಿಮೀಟರು ಉದ್ದ, ೨೪ ಮಿಲಿಮೀಟರು ಅಗಲ. ಅದರ ಮೇಲೆ ೨೪ ಮೆಗಾಪಿಕ್ಸೆಲ್, ಎಂದರೆ ಎರಡು ಕೋಟಿ ನಲವತ್ತು ಲಕ್ಷ ಚುಕ್ಕೆಗಳಿವೆ; ಒಂದೊಂದು ಚುಕ್ಕೆಯೂ ಸುಮಾರು ಆರು ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಗುರುವಿನ ಬಿಂಬ ಈ ಸೆನ್ಸರಿನ ಮೇಲೆ ಬಿದ್ದರೆ ಅಡ್ಡಲಾಗಿ ೪೪ ಚುಕ್ಕೆ, ಒಟ್ಟು ಸುಮಾರು ಒಂದೂವರೆ ಸಾವಿರ ಚುಕ್ಕೆಗಳನ್ನು ಮುಚ್ಚುತ್ತದೆ. ಉಳಿದ ಎರಡು ಕೋಟಿ ಮೂವತ್ತೊಂಬತ್ತು ಲಕ್ಷ ಚಿಲ್ಲರೆ ಚುಕ್ಕೆಗಳು ಕಪ್ಪು ಆಕಾಶವನ್ನು ನೋಡುತ್ತ ಸುಮ್ಮನೆ ಕುಳಿತಿರುತ್ತವೆ. ಒಬ್ಬ ಅತಿಥಿಗಾಗಿ ಇಡೀ ಕಲ್ಯಾಣಮಂಟಪ ಬಾಡಿಗೆಗೆ ಹಿಡಿದಂತೆ! ಮದುವೆಗೂ ಪ್ರವಾಸಕ್ಕೂ ಅದು ಉತ್ತಮ ಕ್ಯಾಮೆರಾ ಎಂಬುದರಲ್ಲಿ ಸಂದೇಹವಿಲ್ಲ. ಗ್ರಹಗಳ ಕೆಲಸಕ್ಕೆ ಅದರ ಬೆಲೆಯ ಬಹುಭಾಗ ವ್ಯರ್ಥವೆಂಬುದಷ್ಟೇ ನಮ್ಮ ಮಾತು.

"ಬಿಂಬವನ್ನು ದೊಡ್ಡದು ಮಾಡುವ ಮಸೂರ ಹಾಕಿದರಾಯಿತಲ್ಲ?" ಎಂದು ಕೇಳುವವರಿದ್ದಾರೆ. ಹಾಕಬಹುದು. ಆದರೆ ಗ್ರಹದ ಪಟ ಕೆಡುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಅದು ನಮ್ಮ ತಲೆಯ ಮೇಲಿನ ಗಾಳಿ.

ಬೇಸಗೆಯಲ್ಲಿ ಕಾದ ಡಾಂಬರು ರಸ್ತೆಯ ಮೇಲೆ ದೂರದ ಬಸ್ಸು ನಡುಗುತ್ತ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ಬಿಸಿ ಗಾಳಿ ತಣ್ಣನೆಯ ಗಾಳಿಯೊಡನೆ ಬೆರೆಯುವಾಗ ಬೆಳಕಿನ ದಾರಿ ಕ್ಷಣಕ್ಷಣಕ್ಕೂ ಬಾಗುತ್ತದೆ. ಗ್ರಹದಿಂದ ಬರುವ ಬೆಳಕು ಇಂಥ ಹಲವು ಪದರಗಳನ್ನು ದಾಟಿ ಬರಬೇಕು. ಆದುದರಿಂದ ದೂರದರ್ಶಕದಲ್ಲಿ ಗುರು ಹರಿಯುವ ನೀರಿನ ತಳದಲ್ಲಿರುವ ನಾಣ್ಯದಂತೆ ಅಲುಗಾಡುತ್ತದೆ. ಒಂದು ಸೆಕೆಂಡು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ಆ ಅಲುಗಾಟವೆಲ್ಲ ಒಂದರ ಮೇಲೊಂದು ಬಿದ್ದು ಪಟ ಮಸುಕಾಗುತ್ತದೆ. ಆದರೆ ತಾಳ್ಮೆಯಿಂದ ಕಣ್ಣಿಟ್ಟು ನೋಡುವವರಿಗೆ ಒಂದು ಸಂಗತಿ ತಿಳಿದಿರುತ್ತದೆ. ನಡುನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಗಾಳಿ ನಿಶ್ಚಲವಾಗುತ್ತದೆ. ಆಗ ಗುರುವಿನ ಪಟ್ಟೆಗಳು ಕೆತ್ತಿಟ್ಟಂತೆ ಕಾಣುತ್ತವೆ. ಮರುಗಳಿಗೆಯೇ ಮತ್ತೆ ಕದಡುತ್ತವೆ. ಆ ಗಳಿಗೆಯನ್ನು ಹಿಡಿಯುವುದೇ ಗ್ರಹಚಿತ್ರಣದ ಗುಟ್ಟು.

ಈ ಗುಟ್ಟು ಹಳೆಯದು. ಅಮೆರಿಕದ ಲೊವೆಲ್ ವೀಕ್ಷಣಾಲಯದ ಅರ್ಲ್ ಸ್ಲೈಫರರು ೧೯೦೭ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಕುಜನ ಬಿಂಬಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೆಗೆದರು. ಅವರು ಮುಂದೆ ಒಂದೇ ರಾತ್ರಿಯ ಒಳ್ಳೆಯ ಬಿಂಬಗಳನ್ನು ಆರಿಸಿ ಒಂದರ ಮೇಲೊಂದು ಮುದ್ರಿಸುವ ಕ್ರಮವನ್ನೂ ರೂಢಿಸಿದರು. ೧೯೭೮ರಲ್ಲಿ ಡೇವಿಡ್ ಫ್ರೀಡ್ ಎಂಬ ವಿಜ್ಞಾನಿ, ಕ್ಷಣಕಾಲದ ಪಟವೊಂದು ಗಾಳಿಯ ಕಾಟದಿಂದ ಪಾರಾಗುವ ಸಂಭವವೆಷ್ಟು ಎಂಬುದನ್ನು ಗಣಿತದಿಂದ ತೋರಿಸಿದರು. ದೂರದರ್ಶಕ ದೊಡ್ಡದಾದಷ್ಟೂ ಆ ಅದೃಷ್ಟ ಅಪರೂಪ. ಚಿಕ್ಕದಕ್ಕೆ ಅದು ಹೆಚ್ಚು ಸಲ ಒಲಿಯುತ್ತದೆ. ಆರಂಗುಲದ ದೂರದರ್ಶಕವಿರುವವರು ಕೀಳರಿಮೆಪಡಲು ಕಾರಣವಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಈ ವಿದ್ಯೆಯನ್ನು ಸಾಮಾನ್ಯರ ಮನೆಗೆ ತಂದದ್ದು, ಆಶ್ಚರ್ಯವೆಂದರೆ, ಗಣಕದ ಮೇಲೆ ಕೂರಿಸುವ ಅಗ್ಗದ ವೆಬ್‌ಕ್ಯಾಮುಗಳು. ೨೦೦೦ದ ಆಚೀಚೆ ಹವ್ಯಾಸಿಗಳು ಫಿಲಿಪ್ಸ್ ಕಂಪನಿಯ ಟೂಕ್ಯಾಮ್ ಎಂಬ ಪುಟ್ಟ ಕ್ಯಾಮೆರಾದ ಮಸೂರ ಕಿತ್ತು, ಅದನ್ನು ದೂರದರ್ಶಕದ ಬಾಯಿಗೆ ಸಿಕ್ಕಿಸಿ ವಿಡಿಯೋ ತೆಗೆದರು. ೨೦೦೨ರಲ್ಲಿ ನೆದರ್ಲೆಂಡ್ಸಿನ ಕೋರ್ ಬೆರೆವೂಟ್ಸರು ರಿಜಿಸ್ಟಾಕ್ಸ್ ಎಂಬ ಕ್ರಮವಿಧಿಯನ್ನು ಬರೆದು ಉಚಿತವಾಗಿ ಹಂಚಿದರು. ಅದು ವಿಡಿಯೋದ ಸಾವಿರಾರು ಫ್ರೇಮುಗಳಲ್ಲಿ ಚೆನ್ನಾದವನ್ನು ತಾನೇ ಆರಿಸಿ, ಒಂದರ ಮೇಲೊಂದು ಜೋಡಿಸಿ, ಸರಾಸರಿ ತೆಗೆಯುತ್ತದೆ. ಅಕ್ಕಿ ಕೇರುವಾಗ ಕಲ್ಲು ಹೊಟ್ಟು ತೆಗೆದು ಒಳ್ಳೆಯದನ್ನು ಉಳಿಸಿಕೊಳ್ಳುವ ಕೆಲಸವೇ ಇದು.

ಆದುದರಿಂದ ಗ್ರಹದ ಕ್ಯಾಮೆರಾಕ್ಕೆ ಬೇಕಾದ ಗುಣಗಳನ್ನು ಈಗ ಹೇಳಬಹುದು. ಒಂದು, ಅದು ಚುರುಕಾಗಿರಬೇಕು: ಒಂದು ಸೆಕೆಂಡಿಗೆ ನೂರು ಫ್ರೇಮುಗಳನ್ನಾದರೂ ಹಿಡಿಯಬೇಕು. ಎರಡು, ಒಂದೊಂದು ಫ್ರೇಮನ್ನೂ ಹಿಂಡಿ ಕುಗ್ಗಿಸದೆ, ಇದ್ದುದನ್ನು ಇದ್ದಂತೆ ಗಣಕಕ್ಕೆ ಕಳುಹಿಸಬೇಕು. ಮೂರು, ಅದರ ಚುಕ್ಕೆಗಳು ಚಿಕ್ಕವಾಗಿದ್ದು ಮಂದ ಬೆಳಕನ್ನೂ ಗದ್ದಲವಿಲ್ಲದೆ ಗ್ರಹಿಸಬೇಕು. ಸೆನ್ಸರು ದೊಡ್ಡದಾಗಿರಬೇಕೆಂಬ ನಿಯಮವೇ ಇಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದರೂ ಸಾಕು. ಸೆನ್ಸರನ್ನು ತಂಪುಮಾಡುವ ಯಂತ್ರವುಳ್ಳ ದುಬಾರಿ ಕ್ಯಾಮೆರಾಗಳೂ ಇವೆ. ನಿಮಿಷಗಟ್ಟಲೆ ತೆರೆದಿಟ್ಟು ನೀಹಾರಿಕೆಗಳ ಪಟ ತೆಗೆಯುವವರಿಗೆ ಅದು ಬೇಕು. ಗುರುವಿನ ಒಂದು ಫ್ರೇಮಿಗೆ ಬೇಕಾದುದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಹೊತ್ತು; ಅಷ್ಟರಲ್ಲಿ ಕಾಯುವುದೂ ಇಲ್ಲ, ತಂಪುಮಾಡುವ ಅಗತ್ಯವೂ ಇಲ್ಲ.

ಈ ಗುಣಗಳೆಲ್ಲ ಒಟ್ಟಿಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ಕಾವಲು ಕ್ಯಾಮೆರಾಗಳಲ್ಲಿ! ನಮ್ಮ ಸೊಸೈಟಿಯ ಗೇಟಿನ ಮೇಲೆ ಕುಳಿತು ರಾತ್ರಿಯ ಮಬ್ಬಿನಲ್ಲಿ ಬರುವವರ ಹೋಗುವವರ ಮುಖ ಗುರುತಿಸಲೆಂದು ಸೋನಿ ಕಂಪನಿ ಸ್ಟಾರ್ವಿಸ್ ಎಂಬ ಸೆನ್ಸರುಗಳನ್ನು ಮಾಡಿತು. ಅವನ್ನೇ ಪುಟ್ಟ ಲೋಹದ ಡಬ್ಬಿಗಳಲ್ಲಿ ಕೂರಿಸಿ ಝಡ್‌ಡಬ್ಲ್ಯುಒ, ಕ್ಯುಎಚ್‌ವೈ, ಪ್ಲೇಯರ್ ಒನ್ ಮೊದಲಾದ ಚೀನೀ ಕಂಪನಿಗಳು ದೂರದರ್ಶಕದವರಿಗೆ ಮಾರುತ್ತವೆ. ಕೊಳ್ಳುವಾಗ ಡಬ್ಬಿಯ ಬಣ್ಣಕ್ಕೆ ಮರುಳಾಗದೆ ಒಳಗಿನ ಸೆನ್ಸರಿನ ಸಂಖ್ಯೆಯನ್ನು ಕೇಳಬೇಕು. ಐಎಂಎಕ್ಸ್ ೨೨೪ ಹಳೆಯ ನಂಬಿಕಸ್ಥ. ಚುಕ್ಕೆಯ ಅಳತೆ ೩.೭೫ ಮೈಕ್ರಾನು. ಅನಂತರ ಬಂದ ೪೬೨, ೬೬೨, ೫೮೫ ಇವುಗಳ ಚುಕ್ಕೆ ೨.೯ ಮೈಕ್ರಾನು. ೬೭೮ರದು ೨ ಮೈಕ್ರಾನು. ಇವುಗಳಲ್ಲಿ ಚಿಕ್ಕ ಸೆನ್ಸರಿನವು ಸುಮಾರಾಗಿ ಇಪ್ಪತ್ತರಿಂದ ಮೂವತ್ತೈದು ಸಾವಿರ ರೂಪಾಯಿಗಳ ಒಳಗೆ ಬರುತ್ತವೆ. ಬೆಲೆ ಏರಿಳಿಯುತ್ತದಾದುದರಿಂದ ಎರಡು ಮೂರು ಕಡೆ ವಿಚಾರಿಸುವುದು ಒಳ್ಳೆಯದು. ಹವ್ಯಾಸಿಗಳು ಒಬ್ಬರಿಂದೊಬ್ಬರು ಕೊಳ್ಳುವ ಹಳೆಯ ಕ್ಯಾಮೆರಾಗಳೂ ಅನೇಕ ಸಲ ಚೆನ್ನಾಗಿರುತ್ತವೆ.

ಇಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಗಂಡುಹೆಣ್ಣಿಗೆ ಜಾತಕ ಕೂಡಿಸಿದಂತೆ ಕ್ಯಾಮೆರಾಕ್ಕೂ ದೂರದರ್ಶಕಕ್ಕೂ ಹೊಂದಾಣಿಕೆ ನೋಡಬೇಕು. ಸಂಗಮದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎಫ್ ಸಂಖ್ಯೆಯೆಂದು ಹೆಸರು. ಚುಕ್ಕೆಯ ಮೈಕ್ರಾನುಗಳನ್ನು ಐದರಿಂದ ಗುಣಿಸಿದರೆ ಎಷ್ಟಾಗುವುದೋ ಅಷ್ಟರ ಹತ್ತಿರಕ್ಕೆ ಎಫ್ ಸಂಖ್ಯೆ ಇರಬೇಕೆಂಬುದು ಅನುಭವಸ್ಥರ ಸೂತ್ರ. ಅದಕ್ಕಿಂತ ಬಹಳ ಕಡಿಮೆಯಾದರೆ ದೂರದರ್ಶಕ ತೋರಿಸಬಲ್ಲ ಸೂಕ್ಷ್ಮಗಳು ಚುಕ್ಕೆಗಳ ನಡುವೆ ಕಳೆದುಹೋಗುತ್ತವೆ. ಬಹಳ ಹೆಚ್ಚಾದರೆ ಬಿಂಬ ದೊಡ್ಡದಾಗಿ ಮಂಕಾಗುತ್ತದೆ. ಹೊಸ ವಿವರ ಏನೂ ಬರುವುದಿಲ್ಲ. ಸಾರಿಗೆ ನೀರು ಸುರಿದರೆ ಪಾತ್ರೆ ತುಂಬುತ್ತದೆ, ರುಚಿ ಹೆಚ್ಚುವುದಿಲ್ಲ.

ಪುಣೆಯ ಹುಡುಗಿಯ ದೂರದರ್ಶಕವನ್ನೇ ತೆಗೆದುಕೊಳ್ಳೋಣ. ೧,೨೦೦ನ್ನು ೧೫೦ರಿಂದ ಭಾಗಿಸಿದರೆ ಎಫ್ ೮. ೨.೯ ಮೈಕ್ರಾನಿನ ಕ್ಯಾಮೆರಾಕ್ಕೆ ಬೇಕಾದುದು ಐದು ಪಟ್ಟು, ಎಂದರೆ ಎಫ್ ೧೪.೫. ಬಿಂಬವನ್ನು ಎರಡು ಪಟ್ಟು ಮಾಡುವ ಬಾರ್ಲೋ ಮಸೂರವೊಂದನ್ನು ನಡುವೆ ಹಾಕಿದರೆ ಎಫ್ ೧೬, ಜೋಡಿ ಕೂಡಿಬಂದಿತು. ಆಗ ಗುರುವಿನ ಅಡ್ಡಳತೆ ೧೮೦ ಚುಕ್ಕೆಗಳಷ್ಟಾಗುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಒಂದೂವರೆ ಸಾವಿರ ಚುಕ್ಕೆಗಳಿಗೆ ಕುಗ್ಗಿದ್ದ ಗುರು ಇಲ್ಲಿ ಇಪ್ಪತ್ತೈದು ಸಾವಿರ ಚುಕ್ಕೆಗಳ ಮೇಲೆ ಮೈಚಾಚುತ್ತದೆ. ಎಂಟಂಗುಲದ ಶ್ಮಿಟ್ ಕ್ಯಾಸೆಗ್ರೇನ್ ಮಾದರಿಯ ದೂರದರ್ಶಕವುಳ್ಳವರ ಎಫ್ ಸಂಖ್ಯೆ ಸಾಮಾನ್ಯವಾಗಿ ೧೦. ಅವರು ೨ ಮೈಕ್ರಾನಿನ ೬೭೮ನ್ನು ಆರಿಸಿಕೊಂಡರೆ ಬಾರ್ಲೋ ಮಸೂರದ ಖರ್ಚೇ ಇಲ್ಲ. ಆರು ಮೈಕ್ರಾನಿನ ದೊಡ್ಡ ಕ್ಯಾಮೆರಾಕ್ಕೆ ಇದೇ ಸೂತ್ರದಂತೆ ಎಫ್ ೩೦ ಬೇಕಾಗುತ್ತದೆ. ನಾಲ್ಕು ಪಟ್ಟಿನ ಮಸೂರ ಹಾಕಿ ಅದನ್ನೂ ಸಾಧಿಸಬಹುದು. ಆದರೆ ಸೆಕೆಂಡಿಗೆ ನೂರು ಫ್ರೇಮುಗಳನ್ನು ಕುಗ್ಗಿಸದೆ ಕೊಡುವ ಚುರುಕುತನವನ್ನು ಯಾವ ಮಸೂರವೂ ತಂದುಕೊಡಲಾರದು.

ಬಣ್ಣದ ಕ್ಯಾಮೆರಾವೋ ಕಪ್ಪುಬಿಳುಪಿನದೋ ಎಂಬ ಚರ್ಚೆಯೂ ಉಂಟು. ಕಪ್ಪುಬಿಳುಪಿನದರಲ್ಲಿ ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಮೂರು ಸಲ ಪಟ ತೆಗೆದು ಕೂಡಿಸಿದರೆ ಸೂಕ್ಷ್ಮತೆ ಒಂದು ಗುಲಗಂಜಿ ಹೆಚ್ಚು. ಆದರೆ ಆ ಗಾಜುಗಳು, ಅವನ್ನು ತಿರುಗಿಸುವ ಚಕ್ರ, ಅದಕ್ಕೆ ಬೇಕಾಗುವ ಅಭ್ಯಾಸ ಇವೆಲ್ಲ ಸೇರಿದರೆ ಹೊಸಬರಿಗೆ ಭಾರವಾಗುತ್ತದೆ. ಮೊದಲ ಎರಡು ವರ್ಷ ಬಣ್ಣದ್ದೇ ಸಾಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಈ ಸೆನ್ಸರುಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಿಡಿಯುತ್ತವೆ. ಕ್ಯಾಮೆರಾದ ಮುಂದಿನ ಗಾಜು ಅದನ್ನು ತಡೆಯದಿದ್ದಲ್ಲಿ, ತಡೆಯುವ ಫಿಲ್ಟರೊಂದನ್ನು ಬೇರೆಯಾಗಿ ಹಾಕಬೇಕು. ಇಲ್ಲವಾದರೆ ಗ್ರಹದ ಬಣ್ಣಗಳು ಕೆಡುತ್ತವೆ. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

ಕ್ಯಾಮೆರಾದ ಬೆಲೆಯ ಹಿಂದೆ ಅಡಗಿರುವ ಇನ್ನೆರಡು ಖರ್ಚುಗಳನ್ನು ಹೇಳದಿದ್ದರೆ ನಮ್ಮ ಲೆಕ್ಕ ಅಪೂರ್ಣವಾದೀತು. ಮೊದಲನೆಯದು ಗಣಕದ್ದು. ೬೪೦ಕ್ಕೆ ೪೮೦ ಚುಕ್ಕೆಗಳ ಪುಟ್ಟ ಚೌಕದಲ್ಲಿ ಸೆಕೆಂಡಿಗೆ ನೂರು ಫ್ರೇಮು ತೆಗೆದರೆ ಸೆಕೆಂಡಿಗೆ ಮೂವತ್ತು ಎಂಬಿಯಷ್ಟು ಮಾಹಿತಿ ಹರಿದು ಬರುತ್ತದೆ. ಎರಡು ನಿಮಿಷದ ಒಂದು ವಿಡಿಯೋಕ್ಕೆ ಮೂರೂವರೆ ಜಿಬಿಗೂ ಹೆಚ್ಚು. ಒಂದು ರಾತ್ರಿಗೆ ಹತ್ತು ವಿಡಿಯೋ ಎಂದರೆ ಮೂವತ್ತೈದು ಜಿಬಿ ದಾಟಿತು. ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಮೂರರ ಕಿಂಡಿಯೂ ಎಸ್‌ಎಸ್‌ಡಿ ಎಂಬ ಚುರುಕಾದ ಸಂಗ್ರಹವೂ ಇರುವುದು ಒಳ್ಳೆಯದು. ಎರಡನೆಯದು ದೂರದರ್ಶಕದ ಪೀಠದ್ದು. ಆಕಾಶ ಸೆಕೆಂಡಿಗೆ ೧೫ ವಿಕಲೆಯಂತೆ ಜರುಗುತ್ತಿರುತ್ತದೆ. ಮೇಲೆ ಹೇಳಿದ ಜೋಡಿಯಲ್ಲಿ ೪೬೨ರ ಸೆನ್ಸರಿನ ಉದ್ದಕ್ಕೆ ಕಾಣುವ ಆಕಾಶ ಎಂಟೇ ಕಲೆ. ಮೋಟಾರಿಲ್ಲದ ಪೀಠವಾದರೆ ಗುರು ಅರ್ಧ ನಿಮಿಷದಲ್ಲಿ ಆ ಕಿಟಕಿಯಿಂದ ಹೊರಟುಹೋಗುತ್ತದೆ. ಹಾಗೆಂದು ಮೋಟಾರಿಲ್ಲದವರು ಎದೆಗುಂದಬೇಕಾಗಿಲ್ಲ. ಗ್ರಹವನ್ನು ಒಂದು ಅಂಚಿನಲ್ಲಿಟ್ಟು ಇನ್ನೊಂದು ಅಂಚಿಗೆ ಜರುಗಲು ಬಿಟ್ಟು, ಮತ್ತೆ ಹಿಡಿದು, ಹೀಗೆ ನಾಲ್ಕಾರು ತುಣುಕು ತೆಗೆದು ಜೋಡಿಸಿಕೊಳ್ಳಬಹುದು. ಕೈ ಪಳಗಬೇಕು, ಅಷ್ಟೆ.

ಏನನ್ನೂ ಕೊಳ್ಳದೆ ಆರಂಭಿಸಬೇಕೆನ್ನುವವರಿಗೂ ದಾರಿಯಿದೆ. ವಾಸ್ತವವಾಗಿ ನಾವು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಮನೆಯಲ್ಲಿರುವ ಮೊಬೈಲನ್ನು ಐಪೀಸಿನ ಮೇಲೆ ಅಲುಗದಂತೆ ಹಿಡಿಯುವ ಹಿಡಿಕೆ ಸಾವಿರ ಎರಡು ಸಾವಿರ ರೂಪಾಯಿಗಳೊಳಗೆ ಸಿಗುತ್ತದೆ. ಗ್ರಹದ ಬಿಂಬವನ್ನು ಬೆರಳಿನಿಂದ ಒತ್ತಿ, ಬೆಳಕನ್ನು ಚೆನ್ನಾಗಿ ತಗ್ಗಿಸಿ, ವಿಡಿಯೋ ತೆಗೆಯಬೇಕು. ಬೆಳಕು ತಗ್ಗಿಸದಿದ್ದರೆ ಗುರು ಬರಿಯ ಬಿಳಿ ಬೊಟ್ಟಾಗಿ ಬರುತ್ತದೆ. ತಗ್ಗಿಸಿದರೆ ಎರಡು ಕಂದು ಪಟ್ಟೆಗಳೂ, ಬೇರೊಂದು ಪಟದಲ್ಲಿ ನಾಲ್ಕು ಚಂದ್ರರೂ ಮೂಡುತ್ತಾರೆ. ಮದುವೆಮುಂಜಿಗೆಂದು ಕೊಂಡ ಹಳೆಯ ಡಿಎಸ್‌ಎಲ್‌ಆರ್ ಇದ್ದವರು ಅದನ್ನು ಮಾರಬೇಕಾಗಿಲ್ಲ. ಪೂರ್ಣಚಂದ್ರನ ಪಟಕ್ಕೆ ಅದೇ ಶ್ರೇಷ್ಠ. ಚಿಕ್ಕ ಸೆನ್ಸರಿನಲ್ಲಿ ಚಂದ್ರ ಇಡಿಯಾಗಿ ಹಿಡಿಸುವುದೇ ಇಲ್ಲ. ಗ್ರಹಗಳಿಗೂ ಅದನ್ನು ಬಳಸಬಹುದು, ಆದರೆ ಸೆನ್ಸರಿನ ನಡುಭಾಗವನ್ನು ಮಾತ್ರ ಕತ್ತರಿಸಿ ಹಿಡಿಯುವ ವಿಡಿಯೋ ಏರ್ಪಾಡು ಇರಬೇಕು. ಕ್ಯಾನನ್ ೫೫೦ಡಿ, ೬೦ಡಿ ಇವುಗಳಲ್ಲಿ ಅಂಥದಿದೆ.

ಹಿಡಿದ ವಿಡಿಯೋವನ್ನು ಸಂಸ್ಕರಿಸುವುದಕ್ಕೆ ಒಂದು ಪೈಯೂ ಬೇಡ. ವಿಡಿಯೋ ಹಿಡಿಯಲು ಜರ್ಮನಿಯ ಟೋರ್ಸ್ಟೆನ್ ಎಡೆಲ್ಮನ್ನರ ಫೈರ್‌ಕ್ಯಾಪ್ಚರ್, ಆರಿಸಿ ಜೋಡಿಸಲು ನೆದರ್ಲೆಂಡ್ಸಿನ ಎಮಿಲ್ ಕ್ರೈಕಾಂಪರ ಆಟೋಸ್ಟಾಕರ್ಟ್, ಕೊನೆಯಲ್ಲಿ ಹರಿತಗೊಳಿಸಲು ಮೇಲೆ ಹೇಳಿದ ರಿಜಿಸ್ಟಾಕ್ಸ್, ಇವೆಲ್ಲ ಉಚಿತ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ವಿಡಿಯೋ ಎರಡು ಮೂರು ನಿಮಿಷ ಮೀರಬಾರದು, ಮೀರಿದರೆ ಕಲೆಗಳು ಸರಿದು ಪಟ ಮಸುಕಾಗುತ್ತದೆ. ಎರಡು ನಿಮಿಷಕ್ಕೆ ಹನ್ನೆರಡು ಸಾವಿರ ಫ್ರೇಮು. ಅದರಲ್ಲಿ ಹತ್ತಕ್ಕೆ ಒಂದನ್ನೋ ನಾಲ್ಕಕ್ಕೆ ಒಂದನ್ನೋ ಉಳಿಸಿಕೊಂಡರೆ ಸಾಕು. ಕುಜ ನಮ್ಮ ಭೂಮಿಯಷ್ಟೇ ನಿಧಾನವಾಗಿ ತಿರುಗುವುದರಿಂದ ಅದಕ್ಕೆ ಇನ್ನೊಂದಿಷ್ಟು ಹೊತ್ತು ಕೊಡಬಹುದು.

ಇಷ್ಟಾದರೂ ಕ್ಯಾಮೆರಾಕ್ಕಿಂತ ಹೆಚ್ಚು ಫಲ ಕೊಡುವ ಕೆಲವು ಪದ್ಧತಿಗಳಿವೆ, ಅವಕ್ಕೆ ಬೆಲೆಯಿಲ್ಲ. ದೂರದರ್ಶಕವನ್ನು ಒಂದು ಗಂಟೆ ಮುಂಚಿತವಾಗಿ ಹೊರಗಿಟ್ಟು ತಣಿಸಬೇಕು. ಹಗಲೆಲ್ಲ ಕಾದ ಗಚ್ಚು ರಾತ್ರಿ ಬಿಸಿ ಉಗುಳುತ್ತದೆ. ನಡುರಾತ್ರಿಯ ಮೇಲೆ ಅದು ತಗ್ಗುತ್ತದೆ. ಪಕ್ಕದ ಮನೆಯ ಏರ್‌ಕಂಡೀಷನರಿನ ಬಿಸಿಗಾಳಿಯ ಮೇಲಿಂದ ನೋಡಬಾರದು. ಗ್ರಹ ಆದಷ್ಟು ಮೇಲಕ್ಕೇರಿದಾಗಲೇ ಪಟ ತೆಗೆಯಬೇಕು. ದಿಲ್ಲಿಯ ನಮ್ಮವರಿಗೆ ಇನ್ನೊಂದು ಮಾತು: ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹಳ ಎತ್ತರದಲ್ಲಿ ವೇಗವಾದ ಗಾಳಿಯ ಪ್ರವಾಹ ಹರಿಯುತ್ತಿರುತ್ತದೆ. ನಕ್ಷತ್ರಗಳು ಥಳಥಳಿಸುವ ನಿರ್ಮಲ ರಾತ್ರಿಯಲ್ಲೂ ಗುರು ಕುದಿಯುವ ಎಸರಿನಂತೆ ಕಂಡರೆ ಕ್ಯಾಮೆರಾವನ್ನು ದೂರಬೇಡಿ. ಮತ್ತೊಂದು ರಾತ್ರಿ ಪ್ರಯತ್ನಿಸಿ.

ಈ ವಿಷಯದಲ್ಲಿ ದಕ್ಷಿಣದವರಾದ ನಮ್ಮ ಭಾಗ್ಯ ದೊಡ್ಡದು. ೨೦೧೯ರಲ್ಲಿ ಗುರು ದಕ್ಷಿಣಕ್ಕೆ ಇಳಿದಿದ್ದಾಗ ಲಂಡನ್ನಿನವರಿಗೆ ಅದು ದಿಗಂತದಿಂದ ೧೬ ಅಂಶಕ್ಕಿಂತ ಮೇಲೇರುತ್ತಿರಲಿಲ್ಲ. ಮುಂಬಯಿಯಲ್ಲಿ ೪೮ ಅಂಶ ಏರುತ್ತಿತ್ತು. ಇಂಗ್ಲೆಂಡಿನ ಪ್ರಸಿದ್ಧ ಹವ್ಯಾಸಿ ಡೇಮಿಯನ್ ಪೀಚರು ಒಳ್ಳೆಯ ಗಾಳಿಯನ್ನು ಅರಸಿ ಬಾರ್ಬಡೋಸ್ ದ್ವೀಪದವರೆಗೆ ಹೋಗಿ ಪಟ ತೆಗೆದಿದ್ದಾರೆ. ನಮಗೆ ಅದು ಮನೆಯ ಮೆಟ್ಟಿಲು ಹತ್ತಿದಲ್ಲಿಯೇ ದೊರೆಯುತ್ತದೆ. ೨೦೨೭ರ ಫೆಬ್ರವರಿಯಲ್ಲಿ ಗುರು ಕುಜರಿಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಸೂರ್ಯನಿಗೆ ನೇರ ಎದುರಿಗೆ ನಿಲ್ಲುತ್ತಾರೆ. ಚೆನ್ನೈ, ಹೈದರಾಬಾದು, ಮುಂಬಯಿಗಳಲ್ಲಿ ನಡುರಾತ್ರಿಯ ವೇಳೆಗೆ ಇಬ್ಬರೂ ನೆತ್ತಿಯ ಬಳಿ ಇರುತ್ತಾರೆ. ಶನಿಯ ಬಳೆಗಳು ೨೦೨೫ರ ಮಾರ್ಚಿಯಲ್ಲಿ ನಮಗೆ ಅಂಚು ತೋರಿಸಿ ಗೆರೆಯಂತಾಗಿದ್ದವು. ೨೦೩೨ರ ಸುಮಾರಿಗೆ ಪೂರ್ತಿ ಅಗಲವಾಗುವವರೆಗೆ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತವೆ. ಒಬ್ಬ ಹುಡುಗಿ ಶಾಲೆ ಮುಗಿಸಿ ಕಾಲೇಜು ಮುಗಿಸುವವರೆಗೆ ತೆಗೆದ ಪಟಗಳನ್ನು ಸಾಲಾಗಿ ಅಂಟಿಸಿದರೆ, ಆ ತೆರೆಯುವಿಕೆ ಒಂದು ಪುಸ್ತಕದ ಹಾಳೆಗಳಂತೆ ಕಾಣುವುದು.

ಇದು ಬರಿಯ ಹೊತ್ತುಹೋಕವೆಂದು ಯಾರೂ ತಿಳಿಯಬಾರದು. ೨೦೦೬ರಲ್ಲಿ ಗುರುವಿನ ಬಿಳಿಯ ಅಂಡಾಕಾರದ ಬಿರುಗಾಳಿಯೊಂದು ಕೆಂಪಾದುದನ್ನು ಮೊದಲು ಗುರುತಿಸಿದವರು ಫಿಲಿಪೀನ್ಸಿನ ಸೆಬು ನಗರದ ವ್ಯಾಪಾರಿ ಕ್ರಿಸ್ಟೋಫರ್ ಗೋ. ೨೦೦೯ರ ಜುಲೈ ೧೯ರಂದು ಗುರುವಿಗೆ ಏನೋ ಬಡಿದು ಆದ ಕಪ್ಪು ಗಾಯವನ್ನು ಕಂಡು ಜಗತ್ತಿಗೆ ತಿಳಿಸಿದವರು ಆಸ್ಟ್ರೇಲಿಯದ ಹವ್ಯಾಸಿ ಆಂಥನಿ ವೆಸ್ಲಿ. ಅವರ ದೂರದರ್ಶಕ ಹದಿನಾಲ್ಕೂವರೆ ಅಂಗುಲದ್ದು. ೨೦೧೦ರ ಜೂನ್ ೩ರಂದು ಗುರುವಿನ ಮೇಲೆ ಕ್ಷಣಕಾಲ ಮಿಂಚಿದ ಉಲ್ಕೆಯ ಬೆಳಕು ಇವರಿಬ್ಬರ ವಿಡಿಯೋಗಳಲ್ಲೂ ಬೇರೆಬೇರೆಯಾಗಿ ಸಿಕ್ಕಿತು. ದೊಡ್ಡ ವೀಕ್ಷಣಾಲಯಗಳಿಗೆ ದಿನವೂ ಗುರುವನ್ನೇ ನೋಡುತ್ತ ಕೂರಲು ಬಿಡುವಿಲ್ಲ. ಗಚ್ಚಿನ ಮೇಲಿನ ಪುಟ್ಟ ಕ್ಯಾಮೆರಾಗಳು ಆ ಕಾವಲನ್ನು ಕಾಯುತ್ತಿವೆ. ಗೇಟಿನ ಕಾವಲಿಗೆಂದು ಹುಟ್ಟಿದ ಸೆನ್ಸರಿಗೆ ಇದು ತಕ್ಕ ಉದ್ಯೋಗವೇ ಸರಿ.

ಕೊನೆಯದಾಗಿ, ಪುಣೆಯ ಸದಸ್ಯರಿಗೂ ಅವರಂಥ ಇತರ ಬಂಧುಗಳಿಗೂ ನಮ್ಮ ಸಲಹೆ ಹೀಗಿದೆ. ಮೊದಲ ಎರಡು ತಿಂಗಳು ಮೊಬೈಲಿನಲ್ಲೇ ಅಭ್ಯಾಸವಾಗಲಿ. ಅಷ್ಟರಲ್ಲಿ ಆಸಕ್ತಿ ನಿಂತರೆ ನಷ್ಟ ಹಿಡಿಕೆಯ ಬೆಲೆಯಷ್ಟೇ, ಬೆಳೆದರೆ ೨.೯ ಮೈಕ್ರಾನಿನ ಬಣ್ಣದ ಕ್ಯಾಮೆರಾ, ಎರಡು ಪಟ್ಟಿನ ಬಾರ್ಲೋ, ಒಂದು ಫಿಲ್ಟರು ಕೊಳ್ಳಬಹುದು. ಮೂರೂ ಸೇರಿ ಅಂಗಡಿಯವರು ಹೇಳಿದ ಬೆಲೆಯ ಅರ್ಧವನ್ನೂ ಮುಟ್ಟಲಾರದು. ಕೊಳ್ಳುವ ಮುನ್ನ ಅನುಭವಸ್ಥರ ಕ್ಯಾಮೆರಾದಲ್ಲಿ ಒಂದು ರಾತ್ರಿ ನೋಡುವುದು ಎಲ್ಲಕ್ಕಿಂತ ಮೇಲು. ಪುಣೆಯಲ್ಲಿ ೧೯೪೪ರಲ್ಲಿ ಹುಟ್ಟಿದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇದೆ. ಮುಂಬಯಿಯಲ್ಲಿ ಖಗೋಲ ಮಂಡಲವಿದೆ. ದಿಲ್ಲಿಯಲ್ಲೂ ಚೆನ್ನೈಯಲ್ಲೂ ಹವ್ಯಾಸಿಗಳ ಕೂಟಗಳಿವೆ. ಭಾಷೆ ಬೇರೆಯಾದರೇನು, ಗುರು ಎಲ್ಲರಿಗೂ ಗುರುವೇ! ಮಕ್ಕಳನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಕೊಳ್ಳಿ. ಇನ್ನೊಂದನ್ನು ಮನೆಯ ಹಿರಿಯರು ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು: ತಕ್ಕ ಸೌರ ಫಿಲ್ಟರಿಲ್ಲದೆ ದೂರದರ್ಶಕವನ್ನು ಸೂರ್ಯನತ್ತ ಎಂದೂ ತಿರುಗಿಸಕೂಡದು, ಕ್ಯಾಮೆರಾ ಸುಟ್ಟರೆ ಮತ್ತೊಂದು ತರಬಹುದು, ಕಣ್ಣು ಹೋದರೆ ಬರುವುದಿಲ್ಲ.

ನಮ್ಮ ಸದಸ್ಯರ ಮಕ್ಕಳು ತೆಗೆದ ಗ್ರಹಗಳ ಪಟಗಳು ಮಸುಕಾಗಿದ್ದರೂ ಚಿಂತೆಯಿಲ್ಲ, ನಮಗೆ ಕಳುಹಿಸಲಿ. ಯಾವ ರಾತ್ರಿ, ಎಷ್ಟು ಗಂಟೆಗೆ, ಯಾವ ಗಚ್ಚಿನ ಮೇಲಿನಿಂದ ಎಂಬ ವಿವರ ಜೊತೆಯಲ್ಲಿರಲಿ. ಮುಂದಿನ ಸಂಚಿಕೆಯಲ್ಲಿ ಸ್ಥಳವಿದ್ದಷ್ಟನ್ನು ಸಂತೋಷದಿಂದ ಪ್ರಕಟಿಸುತ್ತೇವೆ.